ಝುಬೈದಾಳ ಸುಸ್ತಿಗೆ ಸಲಾಂ ಹಾಕಿದ ಅಂದಾಜು

೧

ಈ ಕಥೆಯನ್ನು ಎಲ್ಲಿ ಹಿಡಿದು ಎತ್ತುವುದು? ಬಿರಿಯಾನಿಯ ದೊಡ್ಡ ಪಾತ್ರೆಗಾದರೆ ಎರಡು ಬದಿಗೆ ಎರಡು ಹಿಡಿ ಇರುತ್ತವೆ. ಇಬ್ಬರು ಬಗ್ಗಿ, ಹಬೆಗೆ ಮುಖ ತಿರುಗಿಸಿ, ಒಂದೇ ಸಲಕ್ಕೆ ಎತ್ತಿದರೆ ಆಯಿತು. ಕಥೆಗೆ ಹಾಗೆ ಹಿಡಿ ಇರುವುದಿಲ್ಲ. ಸುಸ್ತಿನ ಕಥೆಗಂತೂ ಬದಿಯೇ ಇಲ್ಲ, ಮುಟ್ಟಿದಲ್ಲೆಲ್ಲ ಮಧ್ಯವೇ.

ಮೊದಲು ಹೀಗೆ ಬರೆದೆ: "ಕಬಕದ ಸಲಾಂನ ಹೆಂಡತಿ ಝುಬೈದಾಳಿಗೆ ಲೂಪಸ್ ಎಂಬ ಕಾಯಿಲೆ ಇತ್ತು." ಓದಿ ನೋಡಿದರೆ ಆಸ್ಪತ್ರೆಯ ಚೀಟಿಯ ಹಾಗಿದೆ. ಹೊಡೆದುಹಾಕಿದೆ.

ಆಮೇಲೆ: "ಆ ದಿನ ಬೆಳಿಗ್ಗೆ ಝುಬೈದಾಳಿಗೆ ಬಾಚಣಿಗೆ ಎತ್ತುವಷ್ಟೂ ಶಕ್ತಿ ಇರಲಿಲ್ಲ." ಇದು ಪರವಾಗಿಲ್ಲ. ಆದರೆ ಇದನ್ನು ಓದಿ ನೀವು ಏನು ಮಾಡುತ್ತೀರಿ? "ಅಯ್ಯೋ ಪಾಪ" ಎನ್ನುತ್ತೀರಿ. ಮೊದಲ ಸಾಲಿಗೇ ಅಯ್ಯೋ ಪಾಪ ಖರ್ಚಾಗಿಬಿಟ್ಟರೆ ಮುಂದಕ್ಕೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

(ಅಷ್ಟರಲ್ಲಿ ಝುಬೈದಾಳೇ ಬಂದು ಹೇಳಿದಳು: "ಬಾಚಣಿಗೆಯ ವಿಷಯ ಬೇಡ ಮಾರಾಯ್ರೆ. ತಲೆ ಬಾಚುದರಲ್ಲಿ ನನಗೆ ಸುಸ್ತಿಲ್ಲದ ದಿನವೂ ಉದಾಸೀನವೇ.")

ಅದನ್ನೂ ಬಿಟ್ಟೆ. ಹಾಗಾದರೆ ಮದುವೆಯಿಂದಲೇ ಶುರು ಮಾಡುವ. ಮದುವೆ ಎಂದರೆ ಯಾರೂ ಎದ್ದು ಹೋಗುವುದಿಲ್ಲ, ಊಟ ಆಗುವವರೆಗಾದರೂ.

೧, ಇನ್ನೊಮ್ಮೆ

ಸಲಾಂ ಮದುವೆಗಳಿಗೆ ಬಿರಿಯಾನಿ ಮಾಡುವವನು. ಮನೆ ಕಬಕದಲ್ಲಿ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನಲ್ಲಿ ಅವನು ಒಲೆ ಹೂಡದ ಮದುವೆ ಹಾಲ್ ಕಡಿಮೆ. ರುಚಿಯಲ್ಲಿ ಅವನನ್ನು ಮೀರಿಸುವವರಿದ್ದಾರೆ, ಅದನ್ನು ಅವನೇ ಒಪ್ಪುತ್ತಾನೆ. ಅವನಿಗೆ ಹೆಸರಿರುವುದು ಅಂದಾಜಿಗೆ. ಅವನು ಮಾಡಿದ ಅನ್ನ ಕಡಿಮೆಯಾಗಿ ಯಾವ ಮದುವೆಯೂ ತಲೆ ತಗ್ಗಿಸಿಲ್ಲ. ಹೆಚ್ಚಾಗಿ ಯಾವ ಹೊಂಡಕ್ಕೂ ಬಿದ್ದಿಲ್ಲ.

ಅರಂತೋಡಿನಲ್ಲಿ ಒಮ್ಮೆ ಹುಡುಗಿಯ ತಂದೆ ಹೆಮ್ಮೆಯಿಂದ ಹೇಳಿದರು: "ಸಾವಿರ ಕಾಗದ ಹಂಚಿದ್ದೇನೆ ಸಲಾಂ."

"ಕಾಗದ ಊಟ ಮಾಡುದಿಲ್ಲ. ನಿಮಗೂ ನಿಮ್ಮ ತಮ್ಮನಿಗೂ ಈಗ ಮಾತುಂಟಾ?"

"ಅದೆಲ್ಲ ನಿನಗೆ ಎಂತಕ್ಕೆ?"

"ಹೇಳಿ ಮಾರಾಯ್ರೆ. ತಮ್ಮ ಬರುದಿಲ್ಲಾಂದ್ರೆ ಅವನ ಹೆಂಡ್ತಿಯ ಮನೆಯವರು ಬರುದಿಲ್ಲ. ಅವರು ಬರುದಿಲ್ಲಾಂದ್ರೆ ಅವರ ಜೀಪಿನಲ್ಲಿ ಬರುವ ಅಕ್ಕಪಕ್ಕದವರೂ ಇಲ್ಲ. ಅಲ್ಲಿಗೆ ಒಂದು ಪಾತ್ರೆ ಕಡಿಮೆ."

ಯಾರಿಗೆ ಯಾರ ಮೇಲೆ ಕೋಪ, ಅದೇ ದಿನ ಸುಳ್ಯದಲ್ಲಿ ಇನ್ನೊಂದು ಮದುವೆ ಉಂಟಾ, ಮಳೆ ಬರುವ ಲಕ್ಷಣ ಉಂಟಾ, ಹಾಲಿನ ಎದುರು ಬಸ್ಸು ನಿಲ್ಲುತ್ತದಾ. ಇಷ್ಟು ಕೇಳಿ, ಆಕಾಶ ನೋಡಿ, ಗಡ್ಡ ತುರಿಸಿ, ಅವನು ಪಾತ್ರೆ ಎಷ್ಟು ಎಂದು ಹೇಳುತ್ತಾನೆ. ಹೇಳಿದ್ದು ತಪ್ಪುವುದಿಲ್ಲ. ಇಂಥ ಮನುಷ್ಯನಿಗೆ ಲೋಕದಲ್ಲಿ ಎಲ್ಲದಕ್ಕೂ ಒಂದು ಮುನ್ಸೂಚನೆ ಇರುತ್ತದೆ, ಕಣ್ಣು ಬಿಟ್ಟು ನೋಡಬೇಕು ಅಷ್ಟೆ ಎಂಬ ಧೈರ್ಯ ಬಂದರೆ ಆಶ್ಚರ್ಯವಿಲ್ಲ. ಅವನ ಕಷ್ಟ ಶುರುವಾಗುವುದೇ ಆ ಧೈರ್ಯದಿಂದ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವರು ಮನೆಯೊಳಗೆ ಆಡುವುದು ಬ್ಯಾರಿ ಭಾಷೆ, ನಾನು ಬರೆಯುತ್ತಿರುವುದು ಕನ್ನಡ. ಅವರಿಗೇನೂ ತೊಂದರೆಯಿಲ್ಲ. ಈ ಕಡೆಯವರ ನಾಲಿಗೆಯಲ್ಲಿ ಮೂರ್ನಾಲ್ಕು ಭಾಷೆ ಸಾಲಾಗಿ ನಿಂತಿರುತ್ತವೆ, ಕರೆದದ್ದು ಮುಂದೆ ಬರುತ್ತದೆ.)

೨

ಝುಬೈದಾಳಿಗೆ ಮೊದಲು ಗಂಟು ನೋವು ಬಂತು. ಆಮೇಲೆ ಬಿಸಿಲಿಗೆ ಹೋದರೆ ಮೂಗಿನ ಎರಡೂ ಬದಿ ಕೆಂಪಾಗಿ ಉರಿಯತೊಡಗಿತು. ಪುತ್ತೂರಿನಲ್ಲಿ ಒಬ್ಬರು ವಾತ ಎಂದರು, ಇನ್ನೊಬ್ಬರು ಅಲರ್ಜಿ ಎಂದರು, ಮಂಗಳೂರಿನ ಡಾಕ್ಟರು ರಕ್ತ ತೆಗೆಸಿ ಲೂಪಸ್ ಎಂದರು. ಶರೀರವನ್ನು ಕಾಯಬೇಕಾದ ಶಕ್ತಿಯೇ ಶರೀರಕ್ಕೆ ಹೊಡೆಯುವ ರೋಗ, ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ಬಿಡಿಸಿ ಹೇಳಿದರು. ಸಲಾಂ ತನಗೆ ತಿಳಿದ ಹಾಗೆ ತಿಳಿದುಕೊಂಡ: ಗೇಟಿನಲ್ಲಿ ನಿಲ್ಲಿಸಿದ ಕಾವಲಿನವನು ಒಳಗೆ ಬಂದು ನೆಂಟರಿಗೇ ಬಾರಿಸಿದ ಹಾಗೆ.

ಕೊಟ್ಟದ್ದು ಹಿಂದೆ ಮಲೇರಿಯಕ್ಕೆ ಕೊಡುತ್ತಿದ್ದ ಜಾತಿಯ ಮಾತ್ರೆ, ಜೊತೆಗೆ ಸ್ಟಿರಾಯ್ಡ್. ನೆರೆಮನೆಯವರು ಮಾತ್ರೆ ನೋಡಿ, "ಎಂತ, ಮಲೇರಿಯವಾ? ಸೊಳ್ಳೆಪರದೆ ಕಟ್ಟಿ" ಎಂದು ಬುದ್ಧಿ ಹೇಳಿದರು. ಸ್ಟಿರಾಯ್ಡಿಗೆ ಮುಖ ಊದಿಕೊಂಡಾಗ, "ಝುಬೈದಾ ಈಗ ಮೈ ಕೈ ತುಂಬಿಕೊಂಡು ಲಾಯ್ಕ ಆಗಿದ್ದಾಳೆ" ಎಂದರು. ಮೈ ತುಂಬಿಕೊಂಡವಳು ಹಾಸಿಗೆಯಿಂದ ಏಳದಿದ್ದರೆ ಏನೆನ್ನುತ್ತಾರೆ? ಅದನ್ನೂ ಎಂದರು. ನಾನು ಬರೆಯುವುದಿಲ್ಲ.

ಗಂಟು ನೋವಿಗೆ ಮಾತ್ರೆ ಉಂಟು, ಕೆಂಪಿಗೆ ಮುಲಾಮು ಉಂಟು. ಸುಸ್ತಿಗೆ ಏನೂ ಇರಲಿಲ್ಲ. ಅದು ನಮಗೆ ನಿಮಗೆ ಆಗುವ ಸುಸ್ತಲ್ಲ. ಅದನ್ನು ಹೇಗೆ ಹೇಳುವುದು ಎಂದು ನಾನು ತುಂಬ ತಲೆ ಕೆಡಿಸಿಕೊಂಡೆ. ಒದ್ದೆ ಕಂಬಳಿ ಎಂದು ಬರೆದೆ, ಎಣ್ಣೆ ತೀರಿದ ದೀಪ ಎಂದು ಬರೆದೆ. ಎಲ್ಲವೂ ಯಾರೋ ಉಟ್ಟು ಬಿಟ್ಟ ಬಟ್ಟೆಯ ಹಾಗಿತ್ತು. ಕೊನೆಗೆ ಝುಬೈದಾಳನ್ನೇ ಕೇಳಿದೆ.

"ಕೆಲಸ ಮಾಡಿದ ಮೇಲೆ ಬರುದು ಸುಸ್ತು. ಅದು ನನಗೂ ಗೊತ್ತುಂಟು. ಇದು ಕೆಲಸಕ್ಕಿಂತ ಮೊದಲೇ ಬಂದು ಕೂತಿರ್ತದೆ. ನಿದ್ದೆ ಮಾಡಿ ಎದ್ದರೂ ಹಾಗೇ ಉಂಟು. ಅದಕ್ಕಿಂತ ದೊಡ್ಡದು ಎಂತ ಗೊತ್ತುಂಟಾ? ನಾಳೆ ಬರ್ತೇನೆ ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಒಂದು ಮಾತು ಕೊಡ್ಲಿಕ್ಕೆ ಆಗದವಳಾಗಿ ಹೋದೆ ನಾನು."

ಸೌದಿಯ ದಮ್ಮಾಮಿನಲ್ಲಿರುವ ತಮ್ಮ ನೌಷಾದ್ ಅಕ್ಕನಿಗೆಂದು ಒಂದು ವಾಚು ಕಳಿಸಿದ. ನಿದ್ದೆ, ನಡಿಗೆ, ಎದೆಬಡಿತ ಎಲ್ಲ ನೋಡಿ ಇವತ್ತು ಶರೀರ ಹೇಗಿದೆ ಎಂದು ಅದೇ ಹೇಳುತ್ತದಂತೆ. ಬಾತ್‌ರೂಮಿಗೆ ಗೋಡೆ ಹಿಡಿದು ಹೋದ ಒಂದು ಬೆಳಿಗ್ಗೆ ಮಗಳು ಸುಹಾನಾ ವಾಚು ನೋಡಿ ಓದಿದಳು: "ಉಮ್ಮ, ನೀವು ಇವತ್ತು ಫುಲ್ ರೆಡಿ ಅಂತೆ. ಹಸಿರು ಬಂದಿದೆ."

"ಹಾಗಾದ್ರೆ ನನ್ನ ಬದಲು ಅದೇ ಎದ್ದು ಚಾ ಇಡಲಿ."

ಆಮೇಲೆ ಆ ವಾಚನ್ನು ಸುಹಾನಾ ಕಟ್ಟಿಕೊಂಡಳು.

೩

ಕಥೆಯಲ್ಲಿ ಏನಾದರೂ ಆಗಬೇಕಲ್ಲ. ಆಯಿತು. ಸುಹಾನಾಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಜಾಸಿರ್, ಉಪ್ಪಿನಂಗಡಿ ಕಡೆಯವನು, ಕತಾರಿನಲ್ಲಿ ಕೆಲಸ, ಒಳ್ಳೆಯವನು. (ಒಳ್ಳೆಯವನೇ. ಅವನಿಂದ ಯಾವ ಕೆಡುಕೂ ಆಗುವುದಿಲ್ಲ, ಕಾದು ಕೂರಬೇಡಿ.)

ಮಾತುಕತೆ ಎಲ್ಲ ಮುಗಿದ ಮೇಲೆ, ಚಾ ಕುಡಿಯುವಾಗ ಹುಡುಗನ ಕಡೆಯ ಒಬ್ಬ ಹೆಂಗಸು ಬೇರೆ ಯಾವುದೋ ಸುದ್ದಿ ಮಾತಾಡುವ ಹಾಗೆ ಕೇಳಿದರು: "ಹುಡುಗಿಯ ಉಮ್ಮನಿಗೆ ಎಂತದೋ ಉಂಟಂತೆ ಅಲ್ವಾ? ಅದು ಮಕ್ಕಳಿಗೆ ಬರುವಂಥದ್ದಾ?"

ಜಾಸಿರ್‌ನ ತಾಯಿ "ನೀನು ಸುಮ್ಮನಿರು" ಎಂದು ಆಕೆಯ ಬಾಯಿ ಮುಚ್ಚಿಸಿದರು. ಆದರೆ ಮಾತು ಬಾಗಿಲ ಪರದೆ ದಾಟಿ ಒಳಗೆ ಹೋಗಿ ಆಗಿತ್ತು. ಒಳಗೆ ಝುಬೈದಾ ಪ್ಲೇಟಿನಲ್ಲಿ ಬಾಳೆಹಣ್ಣಿನ ಪೋಡಿ, ಅಂದರೆ ಬಜ್ಜಿ, ಜೋಡಿಸುತ್ತಿದ್ದಳು. ಜೋಡಿಸಿದ್ದನ್ನು ತೆಗೆದು ಮತ್ತೊಮ್ಮೆ ಜೋಡಿಸಿದಳು.

ಅವರು ಹೋದ ಮೇಲೆ ಗಂಡನಿಗೆ ಹೇಳಿದಳು: "ಚಿನ್ನ ಎಷ್ಟು ಹಾಕ್ತೀರಿ, ಎಷ್ಟು ಜನರನ್ನು ಕರೀತೀರಿ, ನಾನು ಕೇಳುದಿಲ್ಲ. ಒಂದೇ ಸಂಗತಿ. ಅವರ ಹೆಂಗಸರು ಹಾಲಿಗೆ ಬರುವಾಗ ಬಾಗಿಲಲ್ಲಿ ನಾನು ನಿಂತಿರಬೇಕು. ಜಾಸಿರ್‌ನ ಉಮ್ಮನ ಕೈ ಹಿಡಿದು ನಾನೇ ಒಳಗೆ ಕರಕೊಂಡು ಬರಬೇಕು. ನಾನು ಅಲ್ಲಿ ಇಲ್ಲದಿದ್ರೆ, ಎಲ್ಲಿ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ. ನಾಳೆ ನನ್ನ ಮಗಳಿಗೆ ಒಂದು ತಲೆನೋವು ಬಂದ್ರೂ 'ಉಮ್ಮನದ್ದೇ ಬಂತು' ಅಂತ ಹೇಳ್ತಾರೆ."

ಅಷ್ಟೆ. ಈ ಕಥೆಯಲ್ಲಿ ಯಾರಿಗೆ ಏನು ಬೇಕು ಎಂದು ನೀವು ಕೇಳಿದರೆ, ಇದೇ. ಒಂದು ಬಾಗಿಲು, ಒಂದು ಮಧ್ಯಾಹ್ನ, ನಿಲ್ಲುವಷ್ಟು ಕಾಲು.

ಜಾಸಿರ್‌ಗೆ ರಜೆ ಸಿಗುವುದು, ಹಾಲ್ ಖಾಲಿ ಇರುವುದು, ರಂಝಾನಿಗೆ ಮೊದಲು ಮುಗಿಯುವುದು, ಎಲ್ಲ ಸೇರಿ ಜನವರಿಯ ಒಂದು ಭಾನುವಾರ ಗೊತ್ತಾಯಿತು. ಸಲಾಂ ಆ ತಾರೀಕನ್ನು ನೋಡಿದ. ಆ ದಿನ ಎಷ್ಟು ಜನ ಬರುತ್ತಾರೆ ಎಂದು ಅವನು ಯೋಚಿಸಲಿಲ್ಲ. ಝುಬೈದಾ ಬರುತ್ತಾಳಾ ಎಂದು ಯೋಚಿಸಿದ.

೪

ಅಂದಾಜು ಹಾಕುವವನಿಗೆ ಲಕ್ಷಣ ಬೇಕು. ಸಲಾಂ ಹುಡುಕತೊಡಗಿದ.

ಮೊದಲು ಬಿಸಿಲು. ಡಾಕ್ಟರೂ ಹೇಳಿದ್ದರು. ಕಿಟಕಿಗೆ ದಪ್ಪ ಪರದೆ ಬಂತು, ಬಟ್ಟೆ ಒಣಹಾಕುವ ಕೆಲಸ ಸುಹಾನಾಳಿಗೆ ಹೋಯಿತು. ಬಿಸಿಲೇ ಇಲ್ಲದ ಮಳೆಗಾಲದ ದಿನವೂ ಝುಬೈದಾ ಹಾಸಿಗೆಗೆ ಬಿದ್ದಳು. ಆಮೇಲೆ ನಂಜು, ಅಂದರೆ ಕಾಯಿಲೆ ಕೆರಳಿಸುವ ತಿನಿಸು. ಬದನೆ ನಿಂತಿತು, ಒಣಮೀನು ನಿಂತಿತು, ಸುಸ್ತು ನಿಲ್ಲಲಿಲ್ಲ.

ಆಮೇಲೆ ಒಂದು ದಿನ ಅವನಿಗೆ ಹೊಳೆಯಿತು. ಈಶ್ವರಮಂಗಲದಿಂದ ಝುಬೈದಾಳ ತಂಗಿ ಝುಲೈಖಾ ಬಂದಿದ್ದಳು. ಅವಳು ಬಂದರೆ ಮನೆಯಲ್ಲಿ ರೇಡಿಯೋ ಬೇಡ. ತಾನು ಸಾಕಿದ ಆಡು ನೆರೆಯವರ ನಮಾಝಿನ ಚಾಪೆ ತಿಂದದ್ದನ್ನು ಅವಳು ಆಡಿನ ಮುಖ ಮಾಡಿ ಹೇಳಿದಾಗ ಝುಬೈದಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮರುದಿನ ಏಳಲಿಲ್ಲ. ಸುಹಾನಾಳ ರಿಸಲ್ಟ್ ಬಂದ ದಿನ ಹಾಡು ಗುನುಗುತ್ತ ಎಲ್ಲರಿಗೂ ಪತ್ತಿರಿ ಎಂಬ ಅಕ್ಕಿರೊಟ್ಟಿ ತಟ್ಟಿದಳು. ಮರುದಿನ ಏಳಲಿಲ್ಲ. ಜಾಸಿರ್‌ನ ಮನೆಯವರು ಬಂದು ಹೋದ ಮರುದಿನವೂ ಹಾಗೇ.

ಅರಂತೋಡಿನವರ ತಮ್ಮನ ಜಗಳದ ಹಾಗೆ ಒಂದು ಲಕ್ಷಣ ಸಿಕ್ಕಿಬಿಟ್ಟಿತು. ನಕ್ಕರೆ, ಉಮೇದಾದರೆ, ಮರುದಿನ ಬೀಳುತ್ತಾಳೆ.

ಇಲ್ಲಿ ನಾನು ಸ್ವಲ್ಪ ಬಾಯಿ ಹಾಕಬೇಕು. ಸಲಾಂನ ಲೆಕ್ಕದಲ್ಲಿ ಸತ್ಯ ಇಲ್ಲದಿಲ್ಲ. ಒಳ್ಳೆಯ ದಿನ ಬಂದಾಗ ಝುಬೈದಾ ಬಾಕಿಯಾದ ಎಲ್ಲ ಕೆಲಸವನ್ನೂ ಮೇಲೆ ಹಾಕಿಕೊಳ್ಳುತ್ತಿದ್ದಳು. ನಾವೆಲ್ಲ ಮಾಡುವುದೂ ಅದನ್ನೇ. ಕೆಲಸವನ್ನು ಭಾಗ ಮಾಡಿಕೊಳ್ಳಿ, ಒಂದೇ ದಿನ ಓಡಬೇಡಿ ಎಂದು ಡಾಕ್ಟರೂ ಹೇಳಿದ್ದರು. ಸುಸ್ತು ಯಾವ ದಿನ ಬರುತ್ತದೆಂದು ಹೇಳುವುದು ಮಾತ್ರ ತಮಗೂ ಕಷ್ಟ ಎಂದೂ ಹೇಳಿದ್ದರು. ಸಲಾಂ ಆ ಎರಡನೇ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದ. ನಗದೆ ಕೂತ ದಿನದ ಮರುದಿನವೂ ಅವಳು ಬಿದ್ದದ್ದುಂಟು, ಅದು ಅವನಿಗೆ ನೆನಪಿರಲಿಲ್ಲ. ತನ್ನ ಅಂದಾಜು ಸರಿಯಾದ ದಿನಗಳನ್ನು ಮನುಷ್ಯ ಚೆನ್ನಾಗಿ ನೆನಪಿಡುತ್ತಾನೆ.

ಹೀಗೆ ಆ ಮನೆಗೆ ಒಂದು ಹೊಸ ಮಾತು ಬಂತು. "ಸಾಕು."

ಝುಬೈದಾ ಹಾಡು ಗುನುಗಿದರೆ, "ಸಾಕು, ನಾಳೆಗೆ ತೊಂದರೆ." ಫೋನಿನಲ್ಲಿ ತಮ್ಮನೊಟ್ಟಿಗೆ ಜೋರಾಗಿ ಮಾತಾಡಿದರೆ, "ಸಾಕು, ಇಡು." ಮದುವೆಯ ಬಟ್ಟೆಗೆ ಪುತ್ತೂರಿಗೆ ಹೋಗುವ ಮಾತು ಬಂದಾಗ, "ನೀನು ಬೇಡ. ಸುಹಾನಾ ವೀಡಿಯೋ ಕಾಲ್‌ನಲ್ಲಿ ತೋರಿಸ್ತಾಳೆ. ಶಕ್ತಿ ಎಲ್ಲ ಆ ದಿನಕ್ಕೆ ಇಡು."

ಪ್ರೀತಿಯಿಂದಲೇ ಹೇಳಿದ. ಅದೇ ಕಷ್ಟ. ಸಿಟ್ಟಿನಿಂದ ಹೇಳಿದ್ದರೆ ಅವಳು ತಿರುಗಿ ಎರಡು ಮಾತು ಹೇಳುತ್ತಿದ್ದಳು, ಕಥೆಗೂ ಒಂದು ಜಗಳ ಸಿಗುತ್ತಿತ್ತು.

ಝುಲೈಖಾಳಿಗೂ ಫೋನು ಮಾಡಿದ. "ತಪ್ಪು ತಿಳೀಬೇಡ. ಮದುವೆ ಕಳೆಯುವವರೆಗೆ ನೀನು ಈ ಕಡೆ ಸ್ವಲ್ಪ ಕಡಿಮೆ ಬಾ."

"ನಾನು ಎಂತ ಮಾಡಿದೆ ಭಾವ?"

"ಎಂತ ಇಲ್ಲ. ನೀನು ಬಂದ್ರೆ ಅವಳು ನಗ್ತಾಳೆ."

ಆ ಕಡೆ ಝುಲೈಖಾ ಫೋನು ಇಟ್ಟಳು. ಅವಳಾಗಿ ಫೋನು ಇಟ್ಟದ್ದು ಅದೇ ಮೊದಲು ಇರಬೇಕು.

೫

(ಈ ಭಾಗದಲ್ಲಿ ನಾನು ಒಂದು ಚೆಂದದ ಉಪಮೆ ಬರೆದಿದ್ದೆ. ಬಿರಿಯಾನಿಯನ್ನು ದಮ್ಮಿಗೆ ಇಟ್ಟ ಮೇಲೆ ಪದೇ ಪದೇ ಮುಚ್ಚಳ ತೆರೆದು ನೋಡಬಾರದು, ಹಬೆ ಹೋಗುತ್ತದೆ. ಹಾಗೆಯೇ ಸಲಾಂ ತನ್ನ ಹೆಂಡತಿಯನ್ನು, ಇತ್ಯಾದಿ. ನನಗೇ ನನ್ನ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಗಿತ್ತು.

ಸಲಾಂ ಬಂದ. "ಎಂತ ಬರೆದಿದ್ದೀರಿ? ನನ್ನ ಹೆಂಡ್ತಿಯನ್ನು ಪಾತ್ರೆಗೆ ಹೋಲಿಸುದಾ?"

"ಪಾತ್ರೆಗಲ್ಲ ಸಲಾಂ, ಅದರೊಳಗಿನ—"

"ಎಂತದೇ ಆಗಲಿ. ಬಿರಿಯಾನಿ ಕೆಟ್ಟರೆ ಇನ್ನೊಂದು ಪಾತ್ರೆ ಒಲೆಗೆ ಇಡಬಹುದು."

ಅಷ್ಟು ಹೇಳಿ ಹೋದ. ನಾನು ಇಡೀ ಪುಟ ಹರಿದೆ. ಆದರೆ ನೀವು ಓದಿಬಿಟ್ಟಿರಿ, ಅದಕ್ಕೆ ಏನೂ ಮಾಡುವ ಹಾಗಿಲ್ಲ.)

೬

ಡಿಸೆಂಬರಿನ ಒಂದು ಮಧ್ಯಾಹ್ನ. ಕಡಬದಲ್ಲಿ ಸಣ್ಣದೊಂದು ಕಾರ್ಯಕ್ರಮ, ಊಟ ಬೇಗ ಮುಗಿಯಿತು. ಸಲಾಂ ಸಂಜೆಯ ಬದಲು, ಇಳಿಹೊತ್ತಿನ ನಮಾಝಿಗೆ ಕರೆಯುವ ಅಸರ್ ಬಾಂಗಿಗೆ ಮೊದಲೇ ಮನೆಗೆ ಬಂದ. ಮನೆಯಲ್ಲಿ ಯಾರೂ ಇಲ್ಲ. ಝುಬೈದಾಳ ಹಾಸಿಗೆಯ ಮೇಲೆ ಹೊದಿಕೆ ಮಡಚಿ ಇಟ್ಟಿದೆ. ಆಸ್ಪತ್ರೆಗೆ ಹೋದರಾ ಎಂದು ಫೋನು ತೆಗೆಯುವಾಗ ರಸ್ತೆಯಲ್ಲಿ ಆಟೋ ನಿಂತಿತು.

ಕಿಟಕಿಯ ದಪ್ಪ ಪರದೆ ಸರಿಸಿ ನೋಡಿದ. ಝುಲೈಖಾ ಇಳಿದಳು, ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಹಿಂದೆ ಕೊಡೆ ಬಿಡಿಸಿಕೊಂಡು ಝುಬೈದಾ. ಕೊಡೆಯೊಳಗೆ ಅವಳು ನಗುತ್ತಿದ್ದಳು. ಝುಲೈಖಾ ಏನೋ ಹೇಳಿದಳು, ಇವಳು ಅವಳ ಬೆನ್ನಿಗೊಂದು ಹೊಡೆದಳು. ಆಟೋದವನಿಗೂ ಏನೋ ತಮಾಷೆ ಮಾಡಿದಳು. ಇಷ್ಟು ಗಟ್ಟಿಯಾಗಿ ಇವಳು ನಡೆದದ್ದನ್ನು ಸಲಾಂ ಯಾವ ಕಾಲದಲ್ಲಿ ನೋಡಿದ್ದು?

ಅಂಗಳಕ್ಕೆ ಕಾಲಿಡುವಾಗ ಝುಬೈದಾ ಅವನ ಚಪ್ಪಲಿ ನೋಡಿದಳು.

ಮುಂದಿನದನ್ನು ಸಲಾಂ ಪರದೆಯ ಸಂದಿಯಿಂದ ನೋಡಿದ. ಅವಳ ಭುಜ ಇಳಿಯಿತು. ಕುತ್ತಿಗೆ ಒಂದು ಬದಿಗೆ ವಾಲಿತು. ಹೆಜ್ಜೆ ಸಣ್ಣದಾಯಿತು. ಕೈ ತಾನಾಗಿ ಹೋಗಿ ಝುಲೈಖಾಳ ತೋಳು ಹಿಡಿಯಿತು. ಮುಖದಲ್ಲಿದ್ದ ನಗುವನ್ನು ಯಾರೋ ಒರೆಸುಬಟ್ಟೆಯಲ್ಲಿ ಒರೆಸಿದ ಹಾಗೆ ಆಯಿತು. ಬಾಗಿಲಿಗೆ ಬರುವಷ್ಟರಲ್ಲಿ ಅವಳು ಕಾಯಿಲೆಯ ಹೆಂಗಸಾಗಿದ್ದಳು.

"ನೀವು ಯಾವಾಗ ಬಂದದ್ದು? ನನಗೆ ಆಗುದಿಲ್ಲಪ್ಪ, ಸ್ವಲ್ಪ ಮಲಗ್ತೇನೆ" ಎಂದಳು.

"ಮಲಗು" ಎಂದ ಸಲಾಂ.

ಅವಳು ಮಲಗಿದಳು. ಒಳ್ಳೆಯ ದಿನವೊಂದರ ಉಳಿದ ಸಂಜೆಯನ್ನೆಲ್ಲ ಗೋಡೆಯ ಕಡೆಗೆ ತಿರುಗಿ ಕಳೆದಳು, ಗಂಡನಿಗೆ ಗೊತ್ತಾಗಬಾರದೆಂದು.

ಝುಲೈಖಾ ಹೋಗುವಾಗ ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು: "ಇದು ಮೊದಲ ಸಲ ಅಲ್ಲ ಭಾವ. ಚೆನ್ನಾಗಿರುವ ದಿನ ನಿಮಗೆ ಗೊತ್ತಾದ್ರೆ ನೀವು 'ಸಾಕು' ಹೇಳಿ ಅದನ್ನೂ ತಗೊಳ್ತೀರಿ ಅಂತ ಅವಳು ಅಡಗಿಸ್ತಾಳೆ. ನೀವು ಕೆಲಸಕ್ಕೆ ಹೋದ ಮೇಲೆ ನನಗೆ ಫೋನು ಮಾಡ್ತಾಳೆ. 'ಇವತ್ತು ನನಗೆ ಒಳ್ಳೆದುಂಟು, ಒಂದು ಕಥೆ ಹೇಳು' ಅಂತ."

ಸಲಾಂಗೆ ತನ್ನ ಅಂದಾಜು ಪೂರ್ತಿ ಹಾಳಾದದ್ದು ಆಗ ಗೊತ್ತಾಯಿತು. ಅವಳು ನಕ್ಕ ದಿನಗಳು ಅವನಿಗೆ ಕಂಡೇ ಇರಲಿಲ್ಲ. ಅವಳು ಮಲಗಿದ ದಿನಗಳಲ್ಲಿ ನಿಜವಾಗಿ ಮಲಗಿದ್ದು ಯಾವುದು, ಅಡಗಿ ಮಲಗಿದ್ದು ಯಾವುದು? ಅದಕ್ಕಿಂತ ಹೆಚ್ಚು ಇನ್ನೊಂದು ಮಾತು ಅವನನ್ನು ತಿಂದಿತು. ರೋಗ ಅವಳಿಂದ ವಾರದಲ್ಲಿ ಕೆಲವು ದಿನ ಕಸಿದುಕೊಂಡಿತ್ತು. ಉಳಿದವನ್ನು ಕಸಿದವನು ತಾನು.

ಮರುದಿನ ಝುಬೈದಾ ಏಳಲಿಲ್ಲ. ಆ ಮರುದಿನವೂ ಏಳಲಿಲ್ಲ. ಅವನು ಹಾಸಿಗೆಯ ಬದಿಯಲ್ಲಿ ಕೂತು ಮುಖ ನೋಡಿದ. ನಿಜವೋ ಸುಳ್ಳೋ? ಅವಳ ತುಟಿ ಒಣಗಿತ್ತು, ಬೆರಳುಗಳು ಊದಿ ಉಂಗುರ ಬಿಗಿಯಾಗಿತ್ತು. ನಿಜವೇ. ಹೆಂಡತಿಯ ಕಾಯಿಲೆ ನಿಜ ಎಂದು ಗೊತ್ತಾಗಿ ಒಂದು ಗಳಿಗೆ ಅವನಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿ ಅವನು ಎದ್ದು ಹೊರಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದ. ತೊಳೆದಿಟ್ಟ ಪಾತ್ರೆಗಳನ್ನೇ.

೭

ಈಗ ಮದುವೆ ಹತ್ತಿರ ಬಂತು. ಕಥೆ ಮುಗಿಸಬೇಕು. ನನ್ನ ಹತ್ತಿರ ಮೂರು ಮುಕ್ತಾಯ ಇವೆ.

ಒಂದು. ಭಾನುವಾರ ಝುಬೈದಾ ಎದ್ದಳು, ಹಸಿರು ಸೀರೆ ಉಟ್ಟಳು, ಬಾಗಿಲಲ್ಲಿ ನಿಂತಳು. ಹುಡುಗನ ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು. ಪ್ರಶ್ನೆ ಕೇಳಿದ್ದ ಹೆಂಗಸು ಮುಖ ತಗ್ಗಿಸಿದಳು.

ಇದನ್ನು ಓದಿ ಝುಬೈದಾ ಹೇಳಿದಳು: "ಬರೆಯುದು ಸುಲಭ. ಆ ದಿನ ಈ ಕಾಲಿನಲ್ಲಿ ನಿಲ್ಲುದು ನೀವಲ್ಲ."

ಎರಡು. ಝುಬೈದಾ ಹಾಲಿನ ಬದಿಯ ಕೋಣೆಯಲ್ಲಿ ಮಲಗಿದ್ದಾಳೆ. ಜಾಸಿರ್‌ನ ತಾಯಿ ಬಾಗಿಲಲ್ಲಿ ಯಾರಿಗೂ ಕಾಯದೆ ನೇರವಾಗಿ ಅಲ್ಲಿಗೆ ಬಂದು, ಮಂಚದ ಮೇಲೆ ಕೂತು, ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ಸುಹಾನಾ ಇದನ್ನು ಓದಿ ಕಣ್ಣು ತುಂಬಿಕೊಂಡು, "ಇದು ಚೆಂದ ಉಂಟು, ಇದೇ ಇರಲಿ" ಎಂದಳು. ಝುಬೈದಾ ಮಾತ್ರ, "ಚೆಂದ ಉಂಟು. ಅವರು ಹಾಗೆ ಮಾಡ್ತಾರೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದಳು. ಜಾಸಿರ್‌ನ ತಾಯಿಯನ್ನು ನಾನು ಒಂದು ಸಲ ಮಾತ್ರ ಮಾತಾಡಿಸಿದ್ದೇನೆ, ಅದೂ ಅರ್ಧ ಸಾಲು.

ಮೂರು. ಬಾಗಿಲಲ್ಲಿ ಝುಬೈದಾಳ ಜಾಗದಲ್ಲಿ ಝುಲೈಖಾ ನಿಂತಿದ್ದಾಳೆ. ಅಕ್ಕತಂಗಿಯರ ಮುಖ ಒಂದೇ ಥರ. ಬಂದ ಹೆಂಗಸರು ಅವಳನ್ನೇ ತಾಯಿ ಎಂದುಕೊಂಡು ಕೈ ಹಿಡಿದು ಹೊಗಳುತ್ತಾರೆ. "ಯಾರು ಹೇಳಿದ್ದು ಕಾಯಿಲೆ ಅಂತ? ಗಟ್ಟಿಮುಟ್ಟಾಗಿದ್ದೀರಲ್ಲ!" ಝುಲೈಖಾ ಅಲ್ಲ ಎನ್ನುವುದಿಲ್ಲ. ಒಳಗಿನ ಕೋಣೆಯಿಂದ ಝುಬೈದಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ.

ಇದನ್ನು ಬರೆದು ನಾನು ಯಾರಿಗೂ ಓದಲು ಕೊಡಲಿಲ್ಲ. ಇದು ನಡೆಯುವ ಸಂಭವವೇ ಹೆಚ್ಚು ಎಂದು ನನಗೆ ಅನ್ನಿಸಿತ್ತು. ಅದಕ್ಕೇ ಕೊಡಲಿಲ್ಲ.

೮

ಶನಿವಾರ, ಮದುವೆಯ ಹಿಂದಿನ ದಿನ. ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಮೈಲಾಂಜಿ. ಮದುಮಗಳ ಕೈಗೆ ಮದರಂಗಿ ಹಾಕುವುದು, ಸುತ್ತ ಕೂತು ಹೆಂಗಸರು ಹಾಡುವುದು. ಹಿತ್ತಲಲ್ಲಿ ಒಲೆ ಹೂಡಿದೆ. ಸ್ವಂತ ಮಗಳ ಮದುವೆಗೆ ಸಲಾಂ ಸೌಟು ಹಿಡಿಯುವಂತಿಲ್ಲ, ಅವನು ಈಗ ಮದುವೆ ಮನೆಯ ಯಜಮಾನ. ಅಡುಗೆ ಅವನ ಜೊತೆಗಾರ ರಹ್ಮತ್‌ನದ್ದು.

"ನಾಳೆಗೆ ಎಷ್ಟು ಪಾತ್ರೆ ಹೇಳಿ" ಎಂದ ರಹ್ಮತ್.

ಸಲಾಂ ಆಕಾಶ ನೋಡಿದ. ಗಡ್ಡ ತುರಿಸಿದ. ಏನೂ ಬರಲಿಲ್ಲ. "ನೀನೇ ನೋಡಿ ಹಾಕು."

"ಇದು ಒಳ್ಳೆ ಕಥೆ! ಊರಿಗೆಲ್ಲ ಹೇಳ್ತೀರಿ, ಸ್ವಂತ ಮನೆಗೆ ಗೊತ್ತಿಲ್ವಾ?"

"ಇಲ್ಲ ಮಾರಾಯ. ಗೊತ್ತಿಲ್ಲ."

ಆಗ ಒಳಗಿನಿಂದ ಆ ನಗು ಕೇಳಿತು.

ಸಲಾಂ ಒಳಗೆ ಹೋಗಿ ಬಾಗಿಲಲ್ಲಿ ನಿಂತ. ನಡುವೆ ಸುಹಾನಾ, ಎರಡು ಕೈಯನ್ನೂ ಚಾಚಿಕೊಂಡು. ಬದಿಯಲ್ಲಿ ಝುಲೈಖಾ, ಬರಬೇಡ ಎಂದರೂ ಮೂರು ದಿನದಿಂದ ಇಲ್ಲೇ ಇದ್ದಾಳೆ. ಅವಳು ಚಪ್ಪಾಳೆ ಹೊಡೆದು ಹಾಡಿಗೆ ತನ್ನದೇ ಸಾಲು ಸೇರಿಸುತ್ತಿದ್ದಾಳೆ, ಪುದಿಯಾಪ್ಲೆಯ ಅಂದರೆ ಮದುಮಗನ ಮೂಗಿನ ಬಗ್ಗೆ. ಅವಳಿಗೆ ಒರಗಿ ಝುಬೈದಾ. ಕೆನ್ನೆ ಕೆಂಪಾಗಿದೆ, ಅದು ಕಾಯಿಲೆಯದ್ದೋ ಖುಷಿಯದ್ದೋ ಹೇಳುವ ಹಾಗಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಬೆಳಗ್ಗಿನಿಂದ ಕೂತೇ ಇಲ್ಲವಂತೆ. ಮದರಂಗಿ ಹಾಕುವ ಹುಡುಗಿಗೆ, "ನನಗೂ ಹಾಕು, ಎರಡು ಕೈಗೂ ಹಾಕು, ಬೆರಳಿನ ಊತ ಕಾಣದ ಹಾಗೆ ಹಾಕು" ಎಂದು ಕೈ ಕೊಟ್ಟಿದ್ದಾಳೆ.

ಸಲಾಂಗೆ ಮುಂದಿನದೆಲ್ಲ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ಅನ್ನಿಸಿತು. ಇವತ್ತು ಇಷ್ಟು ನಕ್ಕರೆ ನಾಳೆ ಬಾಗಿಲು ಇಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಬಾಗಿಲು ಒಂದೇ. ಈಗ ಹೇಳಿದರೆ ಉಳಿದೀತು. ಒಂದೇ ಮಾತು. ಅದು ಅವನ ನಾಲಿಗೆಯ ತುದಿಗೆ ಬಂದು ನಿಂತಿತು.

(ಹೇಳು ಎಂದು ನನಗೂ ಅನ್ನಿಸಿತು ನೋಡಿ. ನಿಮಗೂ ಅನ್ನಿಸಿರಬೇಕು. ನಾವು ಮೂವರೂ ಬಾಗಿಲಲ್ಲಿ ನಿಂತು ಅವಳ ನಾಳೆಯ ಲೆಕ್ಕ ಹಾಕುತ್ತಿದ್ದೇವೆ.)

ಝುಬೈದಾ ತಲೆ ಎತ್ತಿದಳು. ಅವನನ್ನು ನೋಡಿದಳು. ಸಲಾಂ ಕಾದ. ಈಗ ಭುಜ ಇಳಿಯುತ್ತದೆ, ಈಗ ಕುತ್ತಿಗೆ ವಾಲುತ್ತದೆ, ಈಗ ಮುಖ ಒರೆಸಿದ ಹಾಗಾಗುತ್ತದೆ.

ಭುಜ ಇಳಿಯಲಿಲ್ಲ. ಅವಳು ಅವನನ್ನೇ ನೋಡುತ್ತ ನಗುತ್ತಲೇ ಇದ್ದಳು. ಆ ನಗುವಿನಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು, ಬೇಡಿಕೆಯೂ ಇತ್ತು. ಅಡಗಿಸುವುದು ಮಾತ್ರ ಇರಲಿಲ್ಲ.

"ಬಾಯಾರಿಕೆ ಆಗ್ತದೆ" ಎಂದಳು. "ಕೈ ಹಸಿ ಉಂಟು. ಸ್ವಲ್ಪ ನೀರು ಕುಡಿಸ್ತೀರಾ?"

ಅಷ್ಟು ಹೆಂಗಸರ ನಡುವೆ ಸಲಾಂ ಬಗ್ಗಿಕೊಂಡು ಹೋದ. ಗ್ಲಾಸನ್ನು ಅವಳ ಬಾಯಿಗೆ ಹಿಡಿದ. "ಓ, ಮದುವೆ ಯಾರದ್ದು ಇಲ್ಲಿ?" ಎಂದಳು ಝುಲೈಖಾ. ಎಲ್ಲರೂ ಹೋ ಎಂದರು. ಸುಹಾನಾ ನಾಚಿಕೆಯಿಂದ ಅಪ್ಪನಿಗೆ "ಉಪ್ಪ!" ಎಂದಳು. ಝುಬೈದಾಳಿಗೆ ನಗು ತಡೆಯಲಾಗದೆ ನೀರು ಗಲ್ಲದ ಮೇಲೆ ಇಳಿಯಿತು. ಅವಳಿಗೆ ಒರೆಸಿಕೊಳ್ಳಲು ಕೈ ಇಲ್ಲ. ಸಲಾಂ ತನ್ನ ಹೆಗಲ ಟವೆಲಿನಿಂದ ಒರೆಸಿದ. ನಾಲಿಗೆಯ ತುದಿಯ ಮಾತನ್ನು ಅವನು ಏನು ಮಾಡಿದನೋ, ಹೊರಗೆ ಬಂದದ್ದು ಇಷ್ಟೇ: "ಇನ್ನೂ ಬೇಕಾ?"

"ಬೇಕು."

ನಾಳೆ ಏನಾಯಿತು ಎಂದು ನಿಮಗೆ ತಿಳಿಯಬೇಕು. ನನಗೂ ತಿಳಿಯಬೇಕು. ಬರೆಯುವವನಿಗೆ ಒಂದು ಪುಟ ತಿರುಗಿಸಿ ಭಾನುವಾರಕ್ಕೆ ಹೋಗಿ, ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ನೋಡಿ ಬರುವುದು ಕಷ್ಟದ ಕೆಲಸವಲ್ಲ. ಆದರೆ ಅವಳ ನಾಳೆಗೆ ಈ ಮನೆಯಿಂದ ಆಗಲೇ ಬೇಕಾದಷ್ಟು ಜನ ಹೋಗಿ ಬಂದಿದ್ದಾರೆ. ನಾನು ಹೋಗುವುದಿಲ್ಲ. ನೀವು ಹೋಗುವುದಾದರೆ ನಿಮ್ಮಿಷ್ಟ, ಬಂದು ನನಗೆ ಹೇಳಬೇಡಿ.

ಇಲ್ಲಿ ಇನ್ನೂ ಶನಿವಾರ. ಸಲಾಂ ಇನ್ನೊಂದು ಗ್ಲಾಸು ನೀರು ತರಲು ಎದ್ದಿದ್ದಾನೆ. ಝುಬೈದಾ ಎರಡೂ ಅಂಗೈ ಮೇಲೆ ಮಾಡಿ ಕೂತಿದ್ದಾಳೆ, ಮದರಂಗಿ ಒಣಗಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಯಾವ ಕೆಲಸವನ್ನೂ ಮಾಡುವಂತಿಲ್ಲ. ಝುಲೈಖಾ ಇನ್ನೊಂದು ಕಥೆ ಶುರು ಮಾಡಿದ್ದಾಳೆ, ಅದರಲ್ಲಿ ಈಗಷ್ಟೇ ಬಸ್ಸು ಈಶ್ವರಮಂಗಲ ಬಿಟ್ಟಿದೆ, ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದಾನೆ